ಮತ, ವಯಸ್ಸು ಮತ್ತು ಇಳಿಗಾಲದ ಊರು

ಪ್ರಜಾಪ್ರಭುತ್ವದಲ್ಲಿ ಒಬ್ಬರಿಗೆ ಒಂದೇ ಮತ. ಬಡವ ಬಲ್ಲಿದ, ಅಕ್ಷರಸ್ಥ ನಿರಕ್ಷರಸ್ಥ ಎಂಬ ಭೇದ ಮತಗಟ್ಟೆಯೊಳಗೆ ಇಲ್ಲ. ಆದರೂ ಮತದಾರನ ವಯಸ್ಸೆಷ್ಟು, ಅವನ ಊರು ಏಳಿಗೆಯಲ್ಲಿದೆಯೋ ಇಳಿಗಾಲದಲ್ಲಿದೆಯೋ ಎಂಬ ಎರಡು ಸಂಗತಿಗಳು ಕಣ್ಣಿಗೆ ಕಾಣದೆ ಅವನ ಜೊತೆಯಲ್ಲೇ ಒಳಗೆ ಬರುತ್ತವೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ಈ ವಿಷಯವನ್ನೇ ಆರಿಸಿಕೊಂಡೆನು.

ಈ ಎರಡು ಸಂಗತಿಗಳ ಪರಿಣಾಮ ಸ್ಪಷ್ಟವಾಗಿ ಕಂಡುಬಂದಿರುವುದು ಬ್ರಿಟನ್ನಿನಲ್ಲಿ. 2016ರ ಜೂನ್ 23ರಂದು ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಅಲ್ಲಿ ಜನಮತ ಸಂಗ್ರಹ ನಡೆಯಿತು. ಬಿಡಬೇಕೆಂದವರು ಶೇ. 51.9, ಇರಬೇಕೆಂದವರು ಶೇ. 48.1. ಅಂದು ನಡೆದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ 18ರಿಂದ 24 ವರ್ಷದವರಲ್ಲಿ ಶೇ. 73 ಮಂದಿ ಇರಬೇಕೆಂದರು. 65 ದಾಟಿದವರಲ್ಲಿ ಶೇ. 60 ಮಂದಿ ಬಿಡಬೇಕೆಂದರು. ಒಂದೇ ಮನೆಯ ಅಜ್ಜನೂ ಮೊಮ್ಮಗನೂ ಎರಡು ದಿಕ್ಕಿಗೆ ನಿಂತಂತಾಯಿತು. ಜೊತೆಗೆ ಆ ದೇಶದಲ್ಲಿ ಮತಗಟ್ಟೆಗೆ ತಪ್ಪದೆ ಹೋಗುವವರಲ್ಲಿ ಹಿರಿಯರೇ ಹೆಚ್ಚು.

ಎರಡನೆಯದು ಊರಿನ ಸ್ಥಿತಿ. ಇಂಗ್ಲೆಂಡಿನ ಈಶಾನ್ಯ ಭಾಗದ ಡರ್ಹಮ್ ಮೊದಲಾದ ಪ್ರದೇಶಗಳು ಕಲ್ಲಿದ್ದಲ ಗಣಿಗಳಿಂದ ಬದುಕಿದ್ದವು. 1984-85ರ ಗಣಿ ಕಾರ್ಮಿಕರ ದೀರ್ಘ ಮುಷ್ಕರ ಸೋತ ಮೇಲೆ ಗಣಿಗಳು ಒಂದೊಂದಾಗಿ ಮುಚ್ಚಿದವು. 2015ರ ಡಿಸೆಂಬರಿನಲ್ಲಿ ದೇಶದ ಕೊನೆಯ ಆಳದ ಗಣಿಯೂ ನಿಂತಿತು. ತಲೆಮಾರುಗಳಿಂದ ಲೇಬರ್ ಪಕ್ಷಕ್ಕೆ ನಿಷ್ಠವಾಗಿದ್ದ ಇಂತಹ ಊರುಗಳಲ್ಲಿ ಅನೇಕವು 2019ರಲ್ಲಿ ಕನ್ಸರ್ವೇಟಿವ್ ಪಕ್ಷವನ್ನು ಗೆಲ್ಲಿಸಿದವು. 2024ರಲ್ಲಿ ಅವುಗಳಲ್ಲಿ ಹೆಚ್ಚಿನವು ಲೇಬರ್ ಪಕ್ಷಕ್ಕೆ ಮರಳಿದವು. ಮರುವರ್ಷದ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಡರ್ಹಮ್ ಕೌಂಟಿಯ ಆಡಳಿತ ರಿಫಾರ್ಮ್ ಎಂಬ ಮೂರನೆಯ ಪಕ್ಷದ ಪಾಲಾಯಿತು. ಕಾಯಿಲೆ ಗುಣವಾಗದ ರೋಗಿ ವೈದ್ಯರನ್ನು ಬದಲಾಯಿಸುತ್ತಾ ಹೋಗುವ ಹಾಗೆ ಇದು.

ವಯಸ್ಸು ಮತ್ತು ಊರಿನ ಸ್ಥಿತಿ ಇವು ಬೇರೆ ಬೇರೆ ಕಾರಣಗಳೆಂದು ತೋರಬಹುದು. ವಾಸ್ತವವಾಗಿ ಇವುಗಳಿಗೆ ಹತ್ತಿರದ ನಂಟುಂಟು. ಕಸುಬು ನಿಂತ ಊರಿನಿಂದ ಮೊದಲು ಹೊರಡುವವರು ತರುಣರು, ಉಳಿಯುವವರು ಹಿರಿಯರು. ಹೀಗಾಗಿ ಇಳಿಗಾಲದ ಊರಿನ ಮತವೆಂದರೆ ಬಹುಮಟ್ಟಿಗೆ ಹಿರಿಯರ ಮತ. ತರುಣರು ಹೋಗಿ ಸೇರಿದ ನಗರದ ಮತ ತರುಣರ ಮತ.

ಈಗ ನಮ್ಮ ನೀಲಗಿರಿಯನ್ನು ನೋಡೋಣ. ನಮ್ಮಲ್ಲಿ ಗಣಿಯ ಸ್ಥಾನದಲ್ಲಿದ್ದುದು ಚಹಾ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ನೀಲಗಿರಿ ಚಹಾಕ್ಕಿದ್ದ ದೊಡ್ಡ ಮಾರುಕಟ್ಟೆಯೇ ಅಲುಗಾಡಿತು. ಆ ದಶಕದ ಕೊನೆಗೆ ಹಸಿ ಎಲೆಯ ಬೆಲೆ ಕುಸಿದು, ಒಂದೆರಡು ಎಕರೆಯ ಸಣ್ಣ ಬೆಳೆಗಾರರು, ಅವರಲ್ಲಿಯೂ ಹಟ್ಟಿಗಳ ಬಡಗ ಬಂಧುಗಳು, ಬಹಳ ನೊಂದರು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು ಇನ್ನೊಂದು ಕಥೆ. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಆ ಸರ್ಕಾರಿ ಸಂಸ್ಥೆ ಅನೇಕ ಕುಟುಂಬಗಳಿಗೆ ಅನ್ನ ನೀಡಿತ್ತು. 1990ರ ದಶಕದಲ್ಲಿ ಅದು ರೋಗಗ್ರಸ್ತ ಉದ್ದಿಮೆಯೆನಿಸಿತು. ಮುಂದೆ ಫಿಲ್ಮೇ ಬೇಡದ ಕ್ಯಾಮೆರಾಗಳು ಬಂದು, ಕೊನೆಗೆ ಬಾಗಿಲು ಮುಚ್ಚಿತು.

ಪರಿಣಾಮವನ್ನು ಜನಗಣತಿಯೇ ಹೇಳುತ್ತದೆ. 2001ರಲ್ಲಿ ನೀಲಗಿರಿ ಜಿಲ್ಲೆಯ ಜನಸಂಖ್ಯೆ 7,62,141. 2011ರಲ್ಲಿ 7,35,394. ನಾಡೆಲ್ಲ ಜನ ಹೆಚ್ಚುತ್ತಿದ್ದ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಇಪ್ಪತ್ತಾರು ಸಾವಿರಕ್ಕೂ ಮಿಕ್ಕಿ ಜನ ಕಡಿಮೆಯಾದರು. ಕಲ್ಲಟ್ಟಿಯಿಂದ ಮೂವತ್ತಾರು ತಿರುವುಗಳ ಘಟ್ಟವನ್ನಿಳಿದು ಮಸಿನಗುಡಿ ದಾಟಿ ಮೈಸೂರು, ಬೆಂಗಳೂರುಗಳಿಗೂ, ಇತ್ತ ಮೆಟ್ಟುಪಾಳ್ಯದ ಮೂಲಕ ಕೊಯಮತ್ತೂರಿಗೂ ಹೋದ ನಮ್ಮ ಮಕ್ಕಳನ್ನು ಎಣಿಸಿದರೆ ಈ ಅಂಕಿಗಳ ಅರ್ಥ ತಿಳಿಯುತ್ತದೆ.

ಹಾಗಾದರೆ ನಮ್ಮ ಮತವೂ ಬ್ರಿಟನ್ನಿನ ಗಣಿ ಊರುಗಳಂತೆಯೇ ನಡೆಯಿತೇ? ಮೇಲುನೋಟಕ್ಕೆ ಹೌದೆನಿಸುತ್ತದೆ. ನೀಲಗಿರಿ ಲೋಕಸಭಾ ಕ್ಷೇತ್ರವು 1998 ಮತ್ತು 1999ರಲ್ಲಿ ಭಾರತೀಯ ಜನತಾ ಪಕ್ಷದ ಮಾಸ್ಟರ್ ಮಾದನ್ ಅವರನ್ನೂ, 2004ರಲ್ಲಿ ಕಾಂಗ್ರೆಸ್ಸಿನ ಆರ್. ಪ್ರಭು ಅವರನ್ನೂ, 2009ರಲ್ಲಿ ಡಿ.ಎಂ.ಕೆ.ಯ ಎ. ರಾಜಾ ಅವರನ್ನೂ, 2014ರಲ್ಲಿ ಅಣ್ಣಾ ಡಿ.ಎಂ.ಕೆ.ಯ ಸಿ. ಗೋಪಾಲಕೃಷ್ಣನ್ ಅವರನ್ನೂ, 2019 ಮತ್ತು 2024ರಲ್ಲಿ ಪುನಃ ರಾಜಾ ಅವರನ್ನೂ ಆರಿಸಿತು. ಆದರೆ ಇದನ್ನೆಲ್ಲ ಚಹಾದ ಬೆಲೆಯೊಂದರಿಂದಲೇ ವಿವರಿಸುವುದು ಸರಿಯಲ್ಲ. ತಮಿಳುನಾಡಿನಲ್ಲಿ ಯಾವ ಪಕ್ಷ ಯಾವ ಕೂಟದಲ್ಲಿದೆ ಎಂಬುದೇ ಬಹುಪಾಲು ಫಲಿತಾಂಶವನ್ನು ನಿರ್ಧರಿಸುತ್ತದೆ. 1998ರಲ್ಲಿ ಭಾಜಪದ ಜೊತೆಗಿದ್ದುದು ಅಣ್ಣಾ ಡಿ.ಎಂ.ಕೆ.; 1999ರಲ್ಲಿ ಡಿ.ಎಂ.ಕೆ.; 2004ರಲ್ಲಿ ಡಿ.ಎಂ.ಕೆ. ಕಾಂಗ್ರೆಸ್ಸಿನ ಜೊತೆಗಿತ್ತು.

ನಮ್ಮ ವ್ಯತ್ಯಾಸ ಇರುವುದು ಇಲ್ಲಿಯೇ. ಬ್ರಿಟನ್ನಿನಲ್ಲಿ ಊರಿನ ಇಳಿಗಾಲ ಮತದ ದಿಕ್ಕನ್ನು ಬದಲಾಯಿಸಿತು. ನಮ್ಮಲ್ಲಿ ಅದು ಮತದ ತೂಕವನ್ನೇ ಕಡಿಮೆ ಮಾಡುತ್ತಿದೆ. 2001ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳನ್ನು ಪುನರ್ವಿಂಗಡಿಸಲಾಯಿತು. 2009ರಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿರುವ ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಆರು ವಿಧಾನಸಭಾ ಕ್ಷೇತ್ರಗಳಿವೆ. ಉದಕಮಂಡಲ, ಕೂನೂರು, ಗೂಡಲೂರು ನೀಲಗಿರಿ ಜಿಲ್ಲೆಯವು. ಮೆಟ್ಟುಪಾಳ್ಯ, ಅವಿನಾಶಿ, ಭವಾನಿಸಾಗರ ಬಯಲಿನವು. ಬಯಲಿನ ಮೂರರ ಮತದಾರರ ಸಂಖ್ಯೆ ನಮ್ಮ ಮೂರಕ್ಕಿಂತ ಹೆಚ್ಚು. ಕ್ಷೇತ್ರದ ಹೆಸರು ನೀಲಗಿರಿ, ಮತದ ಭಾರ ಬಯಲಿನಲ್ಲಿ. ಮುಂದಿನ ಪುನರ್ವಿಂಗಡಣೆಯಲ್ಲಿಯೂ ತಲೆ ಎಣಿಕೆಯೇ ಅಳತೆಗೋಲಾದರೆ, ಜನ ಕಡಿಮೆಯಾದ ಬೆಟ್ಟದ ದನಿ ಇನ್ನಷ್ಟು ಸಣ್ಣದಾದೀತು.

ವೃತ್ತಿಯಲ್ಲಿದ್ದಾಗ ಅನೇಕ ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಕುಳಿತವನು ನಾನು. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ಸರತಿಯ ಸಾಲಿನಲ್ಲಿ ಎಳೆಯ ಮುಖಗಳು ತುಂಬಿದ್ದುದನ್ನು ಕಂಡೆನು. ವರ್ಷಗಳು ಕಳೆದಂತೆ ಬೆಟ್ಟದ ಹಳ್ಳಿಗಳಲ್ಲಿ ಆ ಸಾಲು ನರೆಯತೊಡಗಿತು. ಪಟ್ಟಿಯಲ್ಲಿ ಹೆಸರುಂಟು, ಆಳು ಇಲ್ಲ. ಕೋಲೂರಿ ಬಂದ ಅಜ್ಜಿಯರು ಮಾತ್ರ ಮತ ತಪ್ಪಿಸುತ್ತಿರಲಿಲ್ಲ. ಅವರ ಮನಸ್ಸಿನಲ್ಲಿ ಇದ್ದುದು ವೃದ್ಧಾಪ್ಯ ವೇತನ, ಪಡಿತರ, ಆಸ್ಪತ್ರೆಗೆ ಹೋಗಲು ಬಸ್ಸು, ಹೊಲಕ್ಕೆ ನುಗ್ಗುವ ಕಾಡುಪ್ರಾಣಿ. ಇವನ್ನು ಹಿಂದುಳಿದ ಯೋಚನೆಯೆಂದು ಹಳಿಯುವುದು ಸಲ್ಲದು. ಊರಿನಲ್ಲಿ ಬದುಕುವವರಿಗೆ ಊರಿನ ಅಗತ್ಯಗಳೇ ರಾಜಕೀಯ. ಆದರೆ ಶಾಲೆ ಉಳಿಯಬೇಕು, ಹೊಸ ಕಸುಬು ಬರಬೇಕು ಎಂದು ಕೇಳಬೇಕಾದ ವಯಸ್ಸಿನವರೇ ಆ ಸಾಲಿನಲ್ಲಿಲ್ಲದಿದ್ದರೆ, ಕೇಳುವವರು ಯಾರು?

ಇಲ್ಲಿ ಕಾನೂನನ್ನೂ ತಿಳಿದಿರಬೇಕು. 1950ರ ಜನಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೇವೆಯೋ ಅಲ್ಲಿಯೇ ಹೆಸರಿರಬೇಕು. ಎರಡು ಕಡೆ ಇರಕೂಡದು. ಊರಿನಲ್ಲಿ ಮನೆಯಿದೆ ಎಂದ ಮಾತ್ರಕ್ಕೆ ವಾಸಿಯಾಗುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ವಾಸ ತಪ್ಪುವುದೂ ಇಲ್ಲ. 2025ರ ನವೆಂಬರಿನಲ್ಲಿ ತಮಿಳುನಾಡಿನಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾದಾಗ ಈ ಪ್ರಶ್ನೆ ಮನೆಮನೆಯ ಬಾಗಿಲಿಗೇ ಬಂದಿತು.

ಹಳೆಯ ವಿದ್ಯಾರ್ಥಿಗಳೇ, ಮಕ್ಕಳು ಓದಿ ಹೊರಗೆ ಹೋಗಲಿ ಎಂದು ಆಶಿಸಿದವರಲ್ಲಿ ನಿಮ್ಮ ಅಧ್ಯಾಪಕರಾದ ನಾವೇ ಮೊದಲಿಗರು. ಆದ್ದರಿಂದ ಊರು ಬಿಟ್ಟಿರೆಂದು ನಿಮ್ಮನ್ನು ದೂರುವ ಹಕ್ಕು ನಮಗಿಲ್ಲ. ನಾನು ಕೇಳುವುದು ಇಷ್ಟೇ. ನಗರದಲ್ಲಿ ನೆಲೆಸಿದವರು ಅಲ್ಲಿ ಹೆಸರು ನೋಂದಾಯಿಸಿ ತಪ್ಪದೆ ಮತ ಹಾಕಿರಿ. ಎರಡೂ ಕಡೆ ಇಲ್ಲದವರಾಗಬೇಡಿರಿ. ಓದಿಗಾಗಿ ಅಥವಾ ಕೆಲವು ಕಾಲದ ಕೆಲಸಕ್ಕಾಗಿ ಹೋದವರು ಇಲ್ಲಿಯ ಹೆಸರನ್ನು ಉಳಿಸಿಕೊಂಡು ಆ ದಿನ ಬನ್ನಿರಿ. ಬಂದಾಗ ಮನೆಯ ಹಿರಿಯರೊಡನೆ ಕುಳಿತು, ಅವರಿಗೆ ಬೇಕಾದುದೇನು, ನಿಮ್ಮ ಮಕ್ಕಳು ಮರಳಿ ಬರಲು ಬೇಕಾದುದೇನು ಎಂದು ಮಾತನಾಡಿರಿ. ಈ ಮಾತುಕತೆ ನಿಂತ ಊರುಗಳಲ್ಲಿ ಅಜ್ಜ ಮೊಮ್ಮಕ್ಕಳ ಮತಗಳು ಒಂದನ್ನೊಂದು ಹೊಡೆದುಹಾಕುತ್ತವೆ. ನಡೆಯುವ ಊರಿನಲ್ಲಿ, ಜನ ಎಷ್ಟೇ ಕಡಿಮೆಯಿರಲಿ, ಕೇಳಬೇಕಾದುದನ್ನು ಒಟ್ಟಾಗಿ ಕೇಳಬಹುದು.