ಸಿಂಗಳೀಕಗಳ ನೆಲೆ ಸಮೀಕ್ಷೆ ಮತ್ತು ಮಳೆಕಾಡುಗಳ ಸಂರಕ್ಷಣೆ

ಪೀಠಿಕೆ:
ದಾವಣಗೆರೆಯ ಆನೆಕೊಂಡ ಹಾಗೂ ಹರಿಹರದ ಸುತ್ತಲಿನ ಪ್ರದೇಶವು ಬಯಲುಸೀಮೆಯಾಗಿದ್ದು, ಇಲ್ಲಿ ಮಳೆಕಾಡುಗಳಿಲ್ಲ. ಆದರೂ ಜಿಲ್ಲೆಯ ಗದ್ದೆಗಳಿಗೆ ಭದ್ರಾ ನಾಲೆಯಲ್ಲಿ ಬರುವ ನೀರು ಮತ್ತು ಹರಿಹರದಲ್ಲಿ ಹರಿಯುವ ತುಂಗಭದ್ರೆಯ ನೀರಿನ ಮೂಲವು ಪಶ್ಚಿಮ ಘಟ್ಟದಲ್ಲಿದೆ. ತುಂಗಾ ಮತ್ತು ಭದ್ರಾ ನದಿಗಳ ಉಗಮಸ್ಥಾನವಾದ ಗಂಗಾಮೂಲವು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ. ಈ ಉದ್ಯಾನದ ರಚನೆಗೆ ಅಳಿವಿನಂಚಿನಲ್ಲಿರುವ ಸಿಂಗಳೀಕದ ನೆಲೆ ಸಮೀಕ್ಷೆಯೇ ಆಧಾರವಾಯಿತು.

ಸಿಂಗಳೀಕದ ಪರಿಚಯ:
ಬಾಲವಿಲ್ಲದ ವಾನರಗಳ ಪೈಕಿ ಭಾರತದಲ್ಲಿರುವುದು ಈಶಾನ್ಯ ರಾಜ್ಯಗಳ ಹೂಲಾಕ್ ಗಿಬ್ಬನ್ ಮಾತ್ರ. ಸಿಂಗಳೀಕವು ಬಾಲವುಳ್ಳ ಕೋತಿ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ ಹಾಗೂ ತುದಿಯಲ್ಲಿ ಕುಚ್ಚಿರುವ ಬಾಲ ಇದರ ಲಕ್ಷಣಗಳು. ಇದು ಕರ್ನಾಟಕ, ಕೇರಳ ಮತ್ತು ತಮಿಳುನಾಡಿನ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಇದನ್ನು ಸೇರಿಸಲಾಗಿದೆ.

ನೆಲೆ ಸಮೀಕ್ಷೆಯ ಅಗತ್ಯ:
ಸಿಂಗಳೀಕವು ಮರದಿಂದ ಮರಕ್ಕೆ ಸಾಗುತ್ತಾ ಹಣ್ಣು, ಬೀಜ ಮತ್ತು ಕೀಟಗಳನ್ನು ತಿಂದು ಬದುಕುತ್ತದೆ. ನೆಲಕ್ಕಿಳಿಯುವುದು ಅಪರೂಪ. ರಸ್ತೆ, ಗಣಿ ಅಥವಾ ತೋಟದಿಂದ ಮರಗಳ ಮೇಲ್ಛಾವಣಿ ತುಂಡಾದಲ್ಲಿ ಗುಂಪುಗಳು ಪರಸ್ಪರ ಬೇರ್ಪಡುತ್ತವೆ. ಹೆಣ್ಣು ಒಂದು ಬಾರಿಗೆ ಒಂದೇ ಮರಿ ಹಾಕುವುದರಿಂದ ಮತ್ತು ಹೆರಿಗೆಗಳ ನಡುವಿನ ಅಂತರ ದೀರ್ಘವಾಗಿರುವುದರಿಂದ, ಕಳೆದುಕೊಂಡ ಸಂಖ್ಯೆ ಬೇಗ ತುಂಬುವುದಿಲ್ಲ. ಆದುದರಿಂದ ಪ್ರಾಣಿಗಳ ಎಣಿಕೆಯೊಂದೇ ಸಾಲದು; ಕಾಡು ಎಲ್ಲಿ ಅಖಂಡವಾಗಿದೆ, ಎಲ್ಲಿ ತುಂಡಾಗಿದೆ ಎಂಬುದನ್ನೂ ಗುರುತಿಸಬೇಕಾಗುತ್ತದೆ.

ಸಮೀಕ್ಷೆಯ ವಿಧಾನ:
1. ನಿಗದಿತ ಜಾಡುಗಳಲ್ಲಿ ನಿಧಾನವಾಗಿ ನಡೆದು, ಕಂಡ ಗುಂಪಿನ ಸ್ಥಳ ಮತ್ತು ಗಾತ್ರವನ್ನು ದಾಖಲಿಸುವುದು.
2. ಗಂಡು ಸಿಂಗಳೀಕದ ದೂರ ಕೇಳುವ ಕೂಗು ಹಾಗೂ ತಿಂದು ಬಿಟ್ಟ ಹಣ್ಣುಗಳ ಕುರುಹನ್ನು ಗಮನಿಸುವುದು.
3. ಆಹಾರ ನೀಡುವ ಮರಗಳನ್ನು ಮತ್ತು ಮೇಲ್ಛಾವಣಿಯ ಸ್ಥಿತಿಯನ್ನು ಗುರುತಿಸುವುದು.
4. ಕಾಡಂಚಿನ ನಿವಾಸಿಗಳಿಂದ ಮಾಹಿತಿ ಪಡೆದು ನಕ್ಷೆ ಸಿದ್ಧಪಡಿಸುವುದು.

ಸಮೀಕ್ಷೆಗಳ ಫಲ:
1983-84ರಲ್ಲಿ ಡಾ. ಕೆ. ಉಲ್ಲಾಸ ಕಾರಂತರು ರಾಜ್ಯದಲ್ಲಿ ಸಿಂಗಳೀಕಗಳ ಹಂಚಿಕೆಯ ಸಮೀಕ್ಷೆ ನಡೆಸಿದರು. ಭದ್ರಾ ನದಿಯ ಪಶ್ಚಿಮಕ್ಕೆ ಹಬ್ಬಿರುವ ಕಾಡು ಇವುಗಳಿಗೆ ಅತ್ಯುತ್ತಮ ನೆಲೆಯೆಂದು ಕಂಡುಬಂದಿತು. ಇದರ ಆಧಾರದ ಮೇಲೆ 1987ರಲ್ಲಿ ಸುಮಾರು 600 ಚದರ ಕಿ.ಮೀ. ವಿಸ್ತೀರ್ಣದ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ರಚಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅಲ್ಲಿನ ಕಬ್ಬಿಣದ ಅದಿರು ಗಣಿಗಾರಿಕೆಯು 2005ರ ಅಂತ್ಯಕ್ಕೆ ನಿಂತಿತು. ಉತ್ತರ ಕನ್ನಡದ ಶಿರಸಿ-ಹೊನ್ನಾವರ ಕಾಡುಗಳ ಸಮೀಕ್ಷೆಯ ನಂತರ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ ವಿಲೀನಗೊಳಿಸಲಾಯಿತು.

ಸಾರ್ವಜನಿಕರ ಪಾತ್ರ:
ಘಟ್ಟದ ಕಾಡು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿಯೂ ಹಳ್ಳಗಳಿಗೆ ಬಿಡುತ್ತದೆ. ಸಿಂಗಳೀಕಕ್ಕಾಗಿ ಉಳಿಸಿದ ಕಾಡು ಬಯಲಿನ ರೈತನ ನೀರನ್ನೂ ಕಾಯುತ್ತದೆ. ಘಟ್ಟ ಪ್ರದೇಶಕ್ಕೆ ಭೇಟಿ ನೀಡುವವರು ಕೋತಿಗಳಿಗೆ ಆಹಾರ ನೀಡದೆ, ವಾಹನಗಳನ್ನು ನಿಧಾನವಾಗಿ ಚಲಾಯಿಸಿ, ಬೇಟೆ ಅಥವಾ ಮರಕಡಿತ ಕಂಡುಬಂದಲ್ಲಿ ಸಮೀಪದ ಅರಣ್ಯ ಕಚೇರಿಗೆ ತಿಳಿಸಿ ಸಹಕರಿಸಬೇಕಾಗಿ ಕೋರಲಾಗಿದೆ.