ಕಾಫಿ ಕಣದಲ್ಲಿ ಪುಟ್ಟ ಕಾರಿನ ಓಟ

ಮಾರ್ಚ್ ಮುಗಿಯುವಷ್ಟರಲ್ಲಿ ಹೊರನಾಡಿನ ಸುತ್ತಮುತ್ತ ಕಾಫಿ ಕಣಗಳು ಖಾಲಿಯಾಗುತ್ತವೆ. ಅರೇಬಿಕಾ, ರೊಬಸ್ಟಾ ಎರಡೂ ಒಣಗಿ ಮೂಟೆ ಸೇರಿರುತ್ತವೆ. ಗುಡ್ಡಗಾಡಿನ ನಮ್ಮೂರಲ್ಲಿ ಮಟ್ಟಸವಾದ, ನುಣುಪಾದ ಜಾಗ ಎಂದರೆ ಈ ಸಿಮೆಂಟಿನ ಕಣ ಒಂದೇ. ಬೇಸಿಗೆ ರಜೆಗೆ ಬಂದ ಮಕ್ಕಳ ಕ್ರಿಕೆಟ್ಟು, ಸೈಕಲ್ಲು ಎಲ್ಲ ಇಲ್ಲೇ. ಹೋದ ಬೇಸಿಗೆಯಲ್ಲಿ ನಮ್ಮ ಕಣಕ್ಕೆ ಹೊಸ ಆಟವೊಂದು ಬಂತು. ಅಕ್ಕನ ಮಗ ಬೆಂಗಳೂರಿನಿಂದ ರಿಮೋಟ್ ಕಾರು ತಂದಿದ್ದ.

‘ಇದು ಜಾತ್ರೆಯಲ್ಲಿ ಸಿಗೋ ಕಾರಲ್ಲ ಮಾವ, ಟೂರಿಂಗ್ ಕಾರು’ ಎಂದ. ನಿಜವೇ. ಇದು ದೊಡ್ಡ ಕಾರಿನ ಹತ್ತನೇ ಒಂದು ಅಳತೆಯದು. ಅಗಲ ಸುಮಾರು 19 ಸೆಂಟಿಮೀಟರ್. ನಾಲ್ಕೂ ಚಕ್ರಕ್ಕೆ ಮೋಟಾರಿನ ಶಕ್ತಿ ಹೋಗುತ್ತದೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಗೇರು, ಬೇರಿಂಗು ಎಲ್ಲವೂ ಇವೆ, ಎಲ್ಲವನ್ನೂ ಬಿಚ್ಚಿ ಜೋಡಿಸಬಹುದು. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 934ರ ಮಾದರಿಯಲ್ಲಿ ತನ್ನ ಮೊದಲ ರೇಡಿಯೊ ಕಾರನ್ನು ತಂದಿತು. ಇಂದು ಇಂಥ ಕಾರುಗಳಿಗೆ ವಿಶ್ವ ಚಾಂಪಿಯನ್‌ಷಿಪ್ಪೇ ಇದೆ.

ಆದರೆ ನಮ್ಮ ಹುಡುಗನ ಕಾರು ಬಲಕ್ಕೆ ತಿರುಗಿಸಿದಾಗಲೆಲ್ಲ ಬುಗುರಿಯಂತೆ ಗಿರ್ರನೆ ಸುತ್ತಿ ನಿಲ್ಲುತ್ತಿತ್ತು. ಶಾಲೆ ಶುರುವಾಗುವ ಮೊದಲು ಗೆಳೆಯರ ಜತೆ ಪಂದ್ಯವಿತ್ತು. ವರ್ಷವಿಡೀ ಕೂಡಿಟ್ಟ ದುಡ್ಡಿನ ಕಾರು ಬೇರೆ. ‘ಇದಕ್ಕೆ ಜೋರಿನ ಮೋಟಾರು ಹಾಕಿಸ್ಬೇಕು ಮಾವ. ಇಲ್ಲಾಂದ್ರೆ ಮಾರಿಬಿಡೋದೇ’ ಎಂದು ಮುಖ ಊದಿಸಿಕೊಂಡ. ನಿಲ್ಲಲಾರದ ಕಾರಿಗೆ ಇನ್ನಷ್ಟು ಜೋರು ಕೊಟ್ಟರೆ ಇನ್ನಷ್ಟು ಜೋರಾಗಿ ಸುತ್ತೀತು, ಅಷ್ಟೆ. ಕಾರಿನ ಜತೆ ಬಂದ ಪುಸ್ತಕ ಹಿಡಿದು ಇಬ್ಬರೂ ಜಗಲಿಯಲ್ಲಿ ಕೂತೆವು.

ಮಳೆ ಪುಸ್ತಕದ ಪಾಠ

ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಇಂದು ಎಷ್ಟು ಇಂಚು, ಎಷ್ಟು ಸೆಂಟು ಎಂದು ದಿನಾ ಬೆಳಿಗ್ಗೆ ಅಳೆದು ಬರೆಯುತ್ತೇವೆ. ಹೂಮಳೆ ಯಾವಾಗ ಬಂತು, ಫಸಲು ಹೇಗಾಯಿತು ಎಂದು ತಾಳೆ ನೋಡಲು ಅದೇ ಆಧಾರ. ಕಾರಿಗೂ ಅಂಥದ್ದೊಂದು ಪುಸ್ತಕ ಮಾಡಿದೆವು. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಅದಾದ ಮೇಲೆ ಐದು ಸುತ್ತು ಓಡಿಸಿ, ಹೊತ್ತು ಬರೆದು, ಆಮೇಲೆ ಮುಂದಿನದು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಮೊದಲು ನೋಡಬೇಕಾದದ್ದು ಕಾರನ್ನಲ್ಲ, ನೆಲವನ್ನು. ಮಳೆನೀರು ಹರಿದುಹೋಗಲೆಂದು ಕಣಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ನೇರ ಬಿಟ್ಟ ಕಾರು ಒಂದು ಬದಿಗೆ ಎಳೆದರೆ ಅದು ಇಳಿಜಾರಿನ ದೋಷವೂ ಇರಬಹುದು. ಅದೇ ಗೆರೆಯ ಮೇಲೆ ಎದುರು ದಿಕ್ಕಿನಿಂದಲೂ ಓಡಿಸಿ ನೋಡಿ. ಎರಡು ಸಲವೂ ಕಾರಿನ ಎಡಕ್ಕೇ ಎಳೆದರೆ ಮಾತ್ರ ರಿಮೋಟಿನ ಟ್ರಿಮ್ ಗುಂಡಿ ಮುಟ್ಟಿ.

ಎರಡನೆಯದು ಟೈರು. ನೆಲವನ್ನು ಹಿಡಿಯುವುದು ಅದೊಂದೇ. ಕಣದ ಧೂಳು, ಕಾಫಿ ಸಿಪ್ಪೆಯ ಪುಡಿ ಅಂಟಿದರೆ ಹಿಡಿತ ಹೋಯಿತು. ಕಣ ಗುಡಿಸಿ, ಟೈರನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದೆವು. ಸುತ್ತುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಮೂರನೆಯ ದಿನ ಕಳ್ಳ ಸಿಕ್ಕಿದ. ಕಾರಿನ ಹಿಂಭಾಗವನ್ನು ಒತ್ತಿ ಬಿಟ್ಟಾಗ ಬಲಗಡೆ ನಿಧಾನವಾಗಿ ಮೇಲೆದ್ದಿತು, ಎಡಗಡೆ ಚಂಗನೆ ನೆಗೆಯಿತು. ಎಡ ಹಿಂಬದಿಯ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆಯೇ ಇರಲಿಲ್ಲ! ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಗಡೆಗೆ ವಾಲುತ್ತದೆ. ಅಲ್ಲಿ ಚಕ್ರ ಕುಣಿದರೆ ಹಿಡಿತ ತಪ್ಪಿ ಹಿಂಭಾಗ ಜಾರುತ್ತದೆ. ಒಳಗಿನ ರಬ್ಬರ್ ರಿಂಗ್ ಬದಲಿಸಿ ಸಿಲಿಕೋನ್ ಎಣ್ಣೆ ತುಂಬಿದೆವು. ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗಾಳಿಗುಳ್ಳೆಗಳೆಲ್ಲ ಹೋದ ಮೇಲೆ ಮುಚ್ಚಳ ಹಾಕಬೇಕು. ಹೊಸ ಮೋಟಾರಿನ ಮಾತು ಅಲ್ಲಿಗೆ ನಿಂತಿತು.

ಹದ ಮಾಡುವ ಬಗೆ

ನೆಲದಿಂದ ಎತ್ತರ: ಬ್ಯಾಟರಿ, ಮೇಲ್ಹೊದಿಕೆ ಎಲ್ಲ ಹಾಕಿಯೇ ಅಳೆಯಿರಿ. ನುಣುಪಾದ ಟ್ರ್ಯಾಕಿಗೆ ಸುಮಾರು 5 ಮಿಲಿಮೀಟರ್ ಸಾಕು. ಕಣದ ಸಿಮೆಂಟಿಗೆ ಒಂದೆರಡು ಮಿಲಿಮೀಟರ್ ಹೆಚ್ಚಿರಲಿ. ಎಡ, ಬಲ ಸಮವಾಗಿರಬೇಕು.

ಸ್ಪ್ರಿಂಗು: ಹಿಂಭಾಗ ಜಾರಿದರೆ ಹಿಂದೆ ಮೆದು ಸ್ಪ್ರಿಂಗು ಹಾಕಿ ನೋಡಿ. ಕಾರು ತಿರುಗಲು ಒಪ್ಪದೆ ನೇರ ಹೋದರೆ ಮುಂದೆ ಮೆದುವಾದದ್ದು.

ಚಕ್ರದ ಓರೆ: ಚಕ್ರದ ಮೇಲ್ತುದಿ ಒಂದೂವರೆ–ಎರಡು ಡಿಗ್ರಿ ಒಳಕ್ಕೆ ವಾಲಿದ್ದರೆ ತಿರುವಿನಲ್ಲಿ ಟೈರು ಚೆನ್ನಾಗಿ ಕೂರುತ್ತದೆ. ಹಿಂದಿನ ಚಕ್ರಗಳ ಮುಂತುದಿ ಎರಡು–ಮೂರು ಡಿಗ್ರಿ ಒಳಮುಖವಾಗಿದ್ದರೆ ಕಾರು ನೇರ ಓಡುತ್ತದೆ.

ಗೇರು: ಮೋಟಾರಿನ ಚಿಕ್ಕ ಹಲ್ಲುಗಾಲಿಗೂ ದೊಡ್ಡ ಹಲ್ಲುಗಾಲಿಗೂ ನಡುವೆ ತೆಳ್ಳನೆ ಕಾಗದದ ಪಟ್ಟಿ ಇಟ್ಟು ಒತ್ತಿ, ಸ್ಕ್ರೂ ಬಿಗಿದು, ಕಾಗದ ತೆಗೆಯಿರಿ. ಸರಿಯಾದ ಸಂದು ಸಿಗುತ್ತದೆ. ಚಿಕ್ಕ ಗಾಲಿಯ ಹಲ್ಲು ಹೆಚ್ಚಿಸಿದರೆ ವೇಗ ಹೆಚ್ಚು, ಮೋಟಾರಿನ ಬಿಸಿಯೂ ಹೆಚ್ಚು. ಬಿಸಿ ಮಿತಿಮೀರಿದರೆ ಹಲ್ಲು ಕಡಿಮೆ ಮಾಡಿ.

ಓಡಿಸುವ ಕ್ರಮ: ಮೊದಲು ರಿಮೋಟ್ ಆನ್, ಆಮೇಲೆ ಕಾರು. ನಿಲ್ಲಿಸುವಾಗ ಮೊದಲು ಕಾರು ಆಫ್, ಆಮೇಲೆ ರಿಮೋಟ್. ಇದು ತಪ್ಪಿದರೆ ಕಾರು ತಾನಾಗಿ ಓಡಿ ಕಾಲಿಗೆ ಬಡಿದೀತು.

ಬ್ಯಾಟರಿ, ದೊಡ್ಡವರ ಕಣ್ಣೆದುರೇ

ಇಂಥ ಕಾರುಗಳಲ್ಲಿ ಹೆಚ್ಚಾಗಿ ಎರಡು ಕೋಶದ, 7.4 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ ಇರುತ್ತದೆ. ಸರಿಯಾಗಿ ಬಳಸದಿದ್ದರೆ ಬೆಂಕಿ ಹತ್ತಿಕೊಳ್ಳುವ ವಸ್ತು ಅದು. ಅದಕ್ಕೆಂದೇ ಮಾಡಿದ ಬ್ಯಾಲೆನ್ಸ್ ಚಾರ್ಜರಿನಲ್ಲೇ, ಸಿಮೆಂಟಿನ ನೆಲದ ಮೇಲೆ, ದೊಡ್ಡವರು ಎದುರಿಗಿದ್ದಾಗಲೇ ಚಾರ್ಜ್ ಮಾಡಿ. ಕೋಶವೊಂದಕ್ಕೆ 4.2 ವೋಲ್ಟ್ ದಾಟಬಾರದು. ಓಡಿಸುವಾಗ 3ಕ್ಕಿಂತ ಕೆಳಗಿಳಿಯಲೂಬಾರದು. ಹಾಸಿಗೆ, ಸೋಫಾ, ಕಟ್ಟಿಗೆ ರಾಶಿಯ ಬಳಿ ಬೇಡವೇ ಬೇಡ. ಉಬ್ಬಿದ ಬ್ಯಾಟರಿಯನ್ನು ‘ಇನ್ನೊಂದು ಸಲ’ ಎಂದು ಬಳಸಲೇಬೇಡಿ.

ಮಳೆಗಾಲಕ್ಕೆ ಮುಂಚೆ

ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಳಂತೆ ಎಂಬ ಸುದ್ದಿ ಬರುವ ಹೊತ್ತಿಗೆ ಕಣಕ್ಕೆ ಪಾಚಿ ಹತ್ತಿರುತ್ತದೆ. ಆಗ ಕಾರಿಗೆ ರಜೆ. ಮಲೆನಾಡಿನ ತೇವ ಬೇರಿಂಗು, ಸ್ಕ್ರೂಗಳಿಗೆ ತುಕ್ಕು ಹಿಡಿಸದೆ ಬಿಡದು. ನೀರಿನಿಂದ ತೊಳೆಯದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬೇರಿಂಗಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಡಿ. ಟೈರು ಚಪ್ಪಟೆಯಾಗದಂತೆ ಚಕ್ರಗಳು ನೆಲಕ್ಕೆ ತಾಗದ ಹಾಗೆ ಕಾರನ್ನು ಎತ್ತರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಬ್ಯಾಟರಿಯನ್ನು ಬಿಚ್ಚಿ, ಕೋಶಕ್ಕೆ 3.8 ವೋಲ್ಟ್ ಉಳಿಸಿ, ಬೇರೆಯೇ ಇಡಬೇಕು.

ಟೂರಿಂಗ್ ಕಾರಿನ ಪಂದ್ಯ ಸಾಮಾನ್ಯವಾಗಿ ಐದು ನಿಮಿಷದ್ದು. ಅಷ್ಟರಲ್ಲಿ ಯಾರು ಹೆಚ್ಚು ಸುತ್ತು ಹಾಕುತ್ತಾರೋ ಅವರದೇ ಗೆಲುವು. ಒಂದು ಸಲ ಸುತ್ತಿ ನಿಂತರೆ ಗಳಿಸಿದ ವೇಗವೆಲ್ಲ ಹೋಯಿತು. ಹಾಗಾಗಿ ಹಳೆಯ ಪೈಪಿನ ತುಂಡುಗಳನ್ನು ಇಟ್ಟು ಟ್ರ್ಯಾಕ್ ಮಾಡಿ, ಹುಡುಗ ದಿನಾ ಸಂಜೆ ಐದೈದು ನಿಮಿಷ ಓಡಿಸಿದ.

ಜೂನ್ ಮೊದಲ ವಾರ ಫೋನು ಬಂತು. ‘ಮೂರನೆಯವನಾದೆ ಮಾವ. ಆದರೆ ಒಂದು ಸಲವೂ ಸುತ್ತಲಿಲ್ಲ’ ಎಂದ. ಆಮೇಲೆ ಕೇಳಿದ: ‘ಎದುರಿನವನ ಕಾರೂ ಬಲಕ್ಕೇ ಜಾರ್ತಿತ್ತು. ಶಾಕ್ ನೋಡು ಅಂತ ಹೇಳಿಬಿಟ್ಟೆ. ತಪ್ಪಾಯ್ತಾ?’

ತಪ್ಪೇನಿಲ್ಲ, ಅದನ್ನೂ ಪುಸ್ತಕದಲ್ಲಿ ಬರೆದಿಡು ಎಂದೆ.