ಎರಡನೆಯ ಬೀಗದ ಕೈ

ದಾವಣಗೆರೆಯ ಶಾಮನೂರಿನ ರೈತನೊಬ್ಬನಿಗೆ ಅವನ ತಾಯಿ ತನ್ನದೊಂದು ಮೂತ್ರಪಿಂಡವನ್ನು ಕೊಟ್ಟಳೆಂದು ಭಾವಿಸೋಣ. ಹೆತ್ತವಳದೇ ಆದರೂ ಮಗನ ದೇಹ ಅದನ್ನು ಪರಕೀಯವೆಂದೇ ಬಗೆಯುತ್ತದೆ. ಅದರ ಮೇಲೆ ದಾಳಿಯೆಸಗುವವರಲ್ಲಿ ಮೊದಲಿಗರು ರಕ್ತದಲ್ಲಿ ಸಂಚರಿಸುವ ಟಿ ಜೀವಕೋಶಗಳು.

ಆದರೆ ಈ ಕೋಶಗಳು ದುಡುಕುವುದಿಲ್ಲ. ಬ್ಯಾಂಕಿನ ಲಾಕರನ್ನು ತೆರೆಯಲು ಗ್ರಾಹಕನದೊಂದು, ಬ್ಯಾಂಕಿನದೊಂದು, ಹೀಗೆ ಎರಡು ಬೀಗದ ಕೈಗಳು ಬೇಕಷ್ಟೆ? ಟಿ ಕೋಶಕ್ಕೂ ಎರಡು ಸಂಕೇತಗಳು ಬೇಕು. ಕಾವಲು ಕೋಶವೊಂದು ಪರಕೀಯ ವಸ್ತುವಿನ ತುಣುಕನ್ನು ಎತ್ತಿ ತೋರಿಸುವುದು ಮೊದಲನೆಯದು. ಅದೇ ಕೋಶದ ಮೈಮೇಲಿನ ಬಿ-7 ಎಂಬ ಪ್ರೋಟೀನು ಟಿ ಕೋಶದ ಸಿಡಿ-28ಕ್ಕೆ ತಗಲುವುದು ಎರಡನೆಯದು. ಮೊದಲನೆಯದು ಮಾತ್ರ ದೊರೆತರೆ ಟಿ ಕೋಶ ಕೆರಳುವುದಂತಿರಲಿ, ಜಡವಾಗಿಬಿಡುತ್ತದೆ. ಈ ಎಚ್ಚರಿಕೆ ಅವಶ್ಯವೇ. ದುಡುಕಿದ ಟಿ ಕೋಶ ತನ್ನ ಮೈಯನ್ನೇ ತಿಂದೀತು.

ಎರಡನೆಯ ಸಂಕೇತಕ್ಕೆ ದೇಹದಲ್ಲಿಯೇ ಒಂದು ಕಡಿವಾಣವುಂಟು. ನಿಯಂತ್ರಕ ಟಿ ಕೋಶಗಳು ತಮ್ಮ ಸಿಟಿಎಲ್‌ಎ-4 ಎಂಬ ಪ್ರೋಟೀನಿನಿಂದ ಬಿ-7ನ್ನು ಹಿಡಿದು ಕಿತ್ತುಕೊಳ್ಳುತ್ತವೆ. ಈ ಕೋಶಗಳನ್ನು ಕುರಿತ ಸಂಶೋಧನೆಗೆ 2025ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದೇ ಪ್ರೋಟೀನಿನ ಮಾದರಿಯಲ್ಲಿ ವಿಜ್ಞಾನಿಗಳು ರಚಿಸಿದ ಬೆಲಾಟಸೆಪ್ಟ್ ಎಂಬ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಬಿ-7ನ್ನು ಮುಚ್ಚಿ ಎರಡನೆಯ ಸಂಕೇತವನ್ನು ತಡೆಯುತ್ತದೆ. ಹಳೆಯ ಸೈಕ್ಲೊಸ್ಪೊರಿನ್‌ನಂತೆ ಕಾಪಾಡಬೇಕಾದ ಮೂತ್ರಪಿಂಡಕ್ಕೇ ಹಾನಿಯೆಸಗುವುದಿಲ್ಲ. ಆದರೆ ಕಾವಲು ಸಡಿಲಿದ ಮೈಗೆ ಸೋಂಕಿನ ಭಯ ತಪ್ಪಿದ್ದಲ್ಲ. ಎಪ್‌ಸ್ಟೈನ್-ಬಾರ್ ಎಂಬ ವೈರಸ್ಸು ಹಿಂದೆಂದೂ ತಗಲದವರಿಗಂತೂ ಈ ಔಷಧಿಯನ್ನು ಕೊಡುವಂತಿಲ್ಲ. ಅವರಲ್ಲಿ ದುಗ್ಧರಸ ಕೋಶಗಳ ಕ್ಯಾನ್ಸರು ತಲೆಯೆತ್ತುವ ಅಪಾಯ ಹೆಚ್ಚು.